ಮಲ್ಪೆಯ ಐಸ್ ಪ್ಲಾಂಟ್ ಗೇಟ್‌ವೇ: ಓಎಸ್ ಮುಟ್ಟದೆ ಆ್ಯಪ್ ಮಾತ್ರ ಅಪ್‌ಡೇಟ್ ಮಾಡುದು ಹೇಗೆ?

ಉಪ್ಪುನೀರು_485 · ಉಡುಪಿ

ನಮಸ್ಕಾರ ಎಲ್ರಿಗೂ. ಪ್ರಶ್ನೆ ಚೂರು ಉದ್ದ ಉಂಟು, ಬೇಜಾರು ಮಾಡ್ಬೇಡಿ.

ನಮ್ದು ಸಣ್ಣ ಕಂಪೆನಿ. ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆ ಕಡೆಯ ಐಸ್ ಪ್ಲಾಂಟು, ಕೋಲ್ಡ್ ಸ್ಟೋರೇಜುಗಳಿಗೆ ಒಂದು ಗೇಟ್‌ವೇ (ಸಣ್ಣ ಕಂಪ್ಯೂಟರ್ ಪೆಟ್ಟಿಗೆ) ಹಾಕಿ ಕೊಡ್ತೇವೆ. ಕೆಲಸ ಇಷ್ಟೇ, ಉಪ್ಪುನೀರಿನ ಟ್ಯಾಂಕಿನ ಟೆಂಪರೇಚರ್, ಅಮೋನಿಯಾ ಕಂಪ್ರೆಸರ್ ಪ್ರೆಶರ್, ಮೋಟರ್ ಎಷ್ಟು ಗಂಟೆ ಓಡಿತು ಇದನ್ನೆಲ್ಲ ಆರ್‌ಎಸ್-485 ವಯರಲ್ಲಿ ಮೋಡ್‌ಬಸ್ (ಮೆಷಿನ್‌ಗಳು ಮಾತಾಡುವ ಭಾಷೆ) ಮೂಲಕ ಓದಿ 4ಜಿಯಲ್ಲಿ ಸರ್ವರ್‌ಗೆ ಕಳಿಸುದು, ಟೆಂಪರೇಚರ್ ಏರಿದ್ರೆ ಧಣಿಗಳ ಮೊಬೈಲಿಗೆ ಮೆಸೇಜ್ ಹಾಕುದು.

ಒಳಗೆ ಆರ್ಮ್ ಬೋರ್ಡ್, 512 ಎಂಬಿ ರ‍್ಯಾಮ್, 4 ಜಿಬಿ ಇಎಂಎಂಸಿ, ಯೋಕ್ಟೋ ಅನ್ನುವ ಟೂಲಲ್ಲಿ ಕಟ್ಟಿದ ಲಿನಕ್ಸ್. ಹಳೆ ಪೆಟ್ಟಿಗೆಗಳಲ್ಲಿ ಯೋಕ್ಟೋದ ಹಳೆ ವರ್ಷನ್ ಡನ್‌ಫೆಲ್, ಈಚೆಗೆ ಹಾಕಿದ್ದರಲ್ಲಿ ಅದಕ್ಕಿಂತ ಹೊಸ ಸ್ಕಾರ್ತ್‌ಗ್ಯಾಪ್. ಎ-ಬಿ ಎರಡು ಪಾರ್ಟಿಷನ್ (ಒಂದರಲ್ಲಿ ಓಡುವಾಗ ಇನ್ನೊಂದಕ್ಕೆ ಹೊಸತು ಬರಿಯುದು), ರಾಕ್ ಅನ್ನುವ ಅಪ್‌ಡೇಟ್ ಟೂಲ್ ಇಟ್ಟು ಇಡೀ ಓಎಸ್ ಇಮೇಜ್ ಕಳಿಸುದು. ಇದು ಸರಿಯೇ ಉಂಟು, ಮಧ್ಯದಲ್ಲಿ ಕರೆಂಟು ಹೋದ್ರೂ ಪೆಟ್ಟಿಗೆ ಸಾಯುದಿಲ್ಲ. ಆದ್ರೆ ಇಮೇಜ್ 180 ಎಂಬಿ, ನಮ್ಮ ಆ್ಯಪ್ 12 ಎಂಬಿ. ಒಂದು ಹೊಸ ಕಂಪ್ರೆಸರ್ ಮಾಡೆಲ್ಲಿನ ರಿಜಿಸ್ಟರ್ ಮ್ಯಾಪ್ (ಯಾವ ರೀಡಿಂಗ್ ಯಾವ ವಿಳಾಸದಲ್ಲಿ ಉಂಟು ಅನ್ನುವ ಪಟ್ಟಿ) ಸೇರಿಸ್ಲಿಕ್ಕೆ 180 ಎಂಬಿ ಕಳಿಸಿ ರೀಬೂಟ್ ಮಾಡ್ಬೇಕು. ಪ್ಲಾಂಟಿನ ಒಳಗೆ ಥರ್ಮೋಕೋಲ್ ತುಂಬಿದ ದಪ್ಪ ಗೋಡೆ, ಸಿಗ್ನಲ್ ಒಂದು ಕಡ್ಡಿ ಇದ್ರೆ ಪುಣ್ಯ, ಸಿಮ್ಮಿನ ದಿನದ ಡೇಟಾ ಅರ್ಧದಲ್ಲೇ ಮುಗಿದು ಮರುದಿನಕ್ಕೆ ಹೋಗ್ತದೆ.

ಹಾಗಾಗಿ ಆ್ಯಪ್ ಮಾತ್ರ ಬೇರೆ ಕಳಿಸುವ ಅಂತ ಹೊರಟೆವು. ಸ್ಕಾರ್ತ್‌ಗ್ಯಾಪ್ ಎಸ್‌ಡಿಕೆಯಲ್ಲಿ (ಆ್ಯಪ್ ಕಟ್ಟುವ ಟೂಲ್‌ಗಳ ಗಂಟು) ಬಿಲ್ಡ್ ಮಾಡಿದ ಬೈನರಿ ಹಳೆ ಪೆಟ್ಟಿಗೆಯಲ್ಲಿ ಸ್ಟಾರ್ಟೇ ಆಗುದಿಲ್ಲ, ಜಿಲಿಬ್‌ಸಿ (ಪ್ರೋಗ್ರಾಂಗಳಿಗೆಲ್ಲ ಬೇಕಾಗುವ ಲಿನಕ್ಸಿನ ಮೂಲ ಲೈಬ್ರರಿ) 2.34 ಸಿಗ್ಲಿಲ್ಲ ಅಂತ ಬೊಬ್ಬೆ ಹೊಡೀತದೆ. ಆಫೀಸಿನಲ್ಲಿ ಒಬ್ರು ಹೇಳುದು ಓಪಿಕೆಜಿ ಹಾಕಿ ಪ್ಯಾಕೇಜ್ ಲೆಕ್ಕದಲ್ಲಿ ಅಪ್‌ಗ್ರೇಡ್ ಮಾಡುವ, ಜಿಲಿಬ್‌ಸಿಯೂ ಅದ್ರಲ್ಲೇ ಬರ್ಲಿ ಅಂತ. ಇನ್ನೊಬ್ರದ್ದು ಡಾಕರ್ ಡಾಕರ್ ಅಂತ ಒಂದೇ ಜಪ, ಅಂದ್ರೆ ಆ್ಯಪನ್ನು ಅದ್ರ ಲೈಬ್ರರಿ ಸಮೇತ ಕಂಟೇನರ್ ಅನ್ನುವ ಡಬ್ಬದಲ್ಲಿ ಓಡಿಸುದು. ನಂಗೆ ಮಂಡೆಬಿಸಿ ಆಗಿದೆ. ಇಂಥದ್ದು ಮಾಡಿದವ್ರು ಯಾರಾದ್ರು ಇದ್ರೆ ಹೇಳಿ, ಎಲ್ಲಿ ಕತ್ತರಿಸುದು, ಎಂತ ಬೇರೆ ಮಾಡುದು, ಎಂತ ಮುಟ್ಲಿಕ್ಕೇ ಹೋಗ್ಬಾರ್ದು?


ರೀಪುಹಂಚು · ಸುರತ್ಕಲ್

ಮೊದ್ಲು ಆ ಜಿಲಿಬ್‌ಸಿ ವಿಷಯ ಮುಗಿಸುವ. ಡನ್‌ಫೆಲ್‌ನಲ್ಲಿ ಇರುದು 2.31, ಸ್ಕಾರ್ತ್‌ಗ್ಯಾಪ್‌ನಲ್ಲಿ 2.39. 2021ರಲ್ಲಿ ಬಂದ 2.34ರಲ್ಲಿ ಅವ್ರು ಪಿಥ್ರೆಡ್ ಲೈಬ್ರರಿಯನ್ನೆಲ್ಲ ಮೂಲ ಲಿಬ್‌ಸಿ ಒಳಗೇ ಸೇರಿಸಿದ್ರು, ಅದ್ರ ಜೊತೆಗೆ ಪ್ರೋಗ್ರಾಂ ಶುರುವಾಗುವಾಗ ಕರೆಯುವ ಫಂಕ್ಷನ್ನಿಗೂ ಹೊಸ ವರ್ಷನ್ ಗುರುತು ಬಿತ್ತು. ಹಾಗಾಗಿ ನೀವು ಬರೀ ಹಲೋ ವರ್ಲ್ಡ್ ಬರ್ದು 2.34 ಅಥವಾ ಅದಕ್ಕಿಂತ ಹೊಸ ಎಸ್‌ಡಿಕೆಯಲ್ಲಿ ಬಿಲ್ಡ್ ಮಾಡಿದ್ರೂ ಹಳೆಯದ್ರಲ್ಲಿ ಓಡುದಿಲ್ಲ, ನಿಮ್ಮ ಕೋಡಿನಲ್ಲಿ ಎಂತದೂ ತಪ್ಪಿಲ್ಲ. ಉಲ್ಟಾ ಮಾಡಿದ್ರೆ ಓಡ್ತದೆ. ಹಳೆ ಎಸ್‌ಡಿಕೆಯಲ್ಲಿ ಕಟ್ಟಿದ್ದು ಹೊಸ ಜಿಲಿಬ್‌ಸಿ ಮೇಲೆ ನಡೀತದೆ, ಆ ಮಾತನ್ನು ಜಿಲಿಬ್‌ಸಿಯವ್ರು ಚೆನ್ನಾಗಿ ಉಳಿಸ್ಕೊಂಡು ಬಂದಿದ್ದಾರೆ. ಆದ್ರೆ ಎನ್‌ಕ್ರಿಪ್ಷನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಹಾಗಲ್ಲ, ಡನ್‌ಫೆಲ್‌ನಲ್ಲಿ 1.1.1, ಆಚೆ ಕಡೆ 3ರ ಸಾಲು, ಲೈಬ್ರರಿ ಫೈಲಿನ ಹೆಸರೇ ಬೇರೆ. ಅದನ್ನು ಆ್ಯಪ್ ಒಳಗೇ ಕಟ್ಟಿ ತಗೊಂಡು ಹೋಗ್ಬೇಕಾಗ್ತದೆ. ತಗೊಂಡು ಹೋದ್ರೆ ಅದ್ರ ಸೆಕ್ಯೂರಿಟಿ ಪ್ಯಾಚ್ ಇನ್ನು ನಿಮ್ಮ ತಲೆಗೆ. 2014ರಲ್ಲಿ ಅದ್ರಲ್ಲಿ ಸಿಕ್ಕಿದ ಹಾರ್ಟ್‌ಬ್ಲೀಡ್ ತೂತಿನ ಥರದ್ದು ಇನ್ನೊಂದು ಬಂದ್ರೆ ಓಎಸ್ ಅಪ್‌ಡೇಟ್ ಆದ್ರೂ ನಿಮ್ಮ ಆ್ಯಪ್ ಒಳಗಿನದ್ದು ಹಳತೇ ಕೂತಿರ್ತದೆ.

ಓಪಿಕೆಜಿಯಲ್ಲಿ ಜಿಲಿಬ್‌ಸಿ ಬದಲಿಸುವ ಐಡಿಯಾ ಕೊಟ್ಟವ್ರಿಗೆ ನಮಸ್ಕಾರ ಹೇಳಿ, ಅದು ಬೇಡವೇ ಬೇಡ. ಓಡ್ತಾ ಇರುವ ರೂಟ್‌ಎಫ್‌ಎಸ್ (ಓಎಸ್‌ನ ಫೈಲುಗಳೆಲ್ಲ ಇರುವ ಜಾಗ) ಮೇಲೆ ಒಂದೊಂದೇ ಫೈಲ್ ಬದಲಿಸ್ತಾ ಹೋಗುವಾಗ ಜೋರು ಸಿಡ್ಲು ಬಂದು ಕರೆಂಟು ಹೋಯ್ತು ಅಂತ ಇಟ್ಕೊಳ್ಳಿ, ಅರ್ಧ ಹಳತು ಅರ್ಧ ಹೊಸತು, ಇನಿಟ್ಟೇ ಏಳುದಿಲ್ಲ. ಮತ್ತೆ ಗಂಗೊಳ್ಳಿಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಹೋಗುದೇ. ಅದಿಲ್ಲದಿದ್ರೂ ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ಪ್ಯಾಕೇಜ್ ವರ್ಷನ್ ಕೂತು ವರ್ಷ ಕಳೆದ ಮೇಲೆ ಯಾವ ಎರಡು ಪೆಟ್ಟಿಗೆಯೂ ಒಂದೇ ಥರ ಇರುದಿಲ್ಲ, ಎಲ್ಲಿಯಾದ್ರು ಕೆಟ್ರೆ ಆಫೀಸಲ್ಲಿ ಅದೇ ಥರದ್ದು ಮಾಡಿ ನೋಡ್ಲಿಕ್ಕೂ ಆಗುದಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ, ಎಲ್ಲಿ ಕತ್ತರಿಸುದು. ನಮ್ಮ ಊರಿನ ಹಂಚಿನ ಮನೆ ಉಂಟಲ್ಲ, ಒಡೆದ ಹಂಚು ಬದಲಿಸ್ಲಿಕ್ಕೆ ಯಾರೂ ಪಂಚಾಂಗ, ಅಂದ್ರೆ ಮನೆಯ ಅಡಿಪಾಯ, ಕೆದಕುದಿಲ್ಲ, ಆದ್ರೆ ರೀಪಿನ ಅಂತರ ತಪ್ಪಿದ್ರೆ ಹೊಸ ಹಂಚು ಎಷ್ಟು ಒಳ್ಳೇದಿದ್ರೂ ಕೂರುದಿಲ್ಲ. ಎಲ್ರೂ ಹಂಚು ಸಾಗಿಸುದು ಹೇಗೆ ಅಂತಲೇ ಕೇಳುದು, ಅಂದ್ರೆ ಯಾವ ಟೂಲ್, ಯಾವ ಸರ್ವರ್ ಅಂತ. ರೀಪಿನ ಅಳತೆ ಯಾರೂ ಬರ್ದಿಡುದಿಲ್ಲ. ಆ್ಯಪಿಗೆ ಓಎಸ್‌ನಿಂದ ಎಂತೆಂತ ಬೇಕು, ಕರ್ನಲ್ಲಿನ ಸೀರಿಯಲ್ ಪೋರ್ಟ್ ಹೆಸರು, ಜಿಲಿಬ್‌ಸಿಯ ಕನಿಷ್ಠ ವರ್ಷನ್, ಡೇಟಾ ಪಾರ್ಟಿಷನ್ ಎಲ್ಲಿ ಮೌಂಟ್ ಆಗ್ತದೆ, ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡುವ ಡಿ-ಬಸ್‌ನಲ್ಲಿ ಮೋಡೆಮ್ ಸರ್ವಿಸ್ ಯಾವುದು, ಇಷ್ಟನ್ನು ಒಂದು ಪುಟದಲ್ಲಿ ಬರ್ದು ಅದಕ್ಕೆ ಒಂದೇ ಒಂದು ನಂಬರ್ ಕೊಡಿ. ಪ್ಲಾಟ್‌ಫಾರ್ಮ್ ಲೆವೆಲ್ 3 ಅಂತ ಇಡುವ. ಓಎಸ್ ಇಮೇಜಿನ ಓಎಸ್-ರಿಲೀಸ್ ಫೈಲಿನಲ್ಲಿ ಆ ನಂಬರ್ ಇರ್ಲಿ, ಆ್ಯಪ್ ಬಂಡಲ್ಲಿನಲ್ಲೂ ಇರ್ಲಿ, ಎರಡೂ ತಾಳೆ ಆಗದಿದ್ರೆ ಇನ್‌ಸ್ಟಾಲರ್ ಒಳಗೇ ಬಿಡ್ಬಾರ್ದು. ಲಿನಕ್ಸಿನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ಸಿಸ್‌ಎಕ್ಸ್ಟ್ ಮಾಡುದು ಇದನ್ನೇ, ಸಿಸ್‌ಎಕ್ಸ್ಟ್ ಲೆವೆಲ್ ಅಂತ ಒಂದು ಫೀಲ್ಡ್ ಉಂಟು ಅದ್ರಲ್ಲಿ. ಆದ್ರೆ ಅದು ಬಂದದ್ದು ಸಿಸ್ಟಮ್‌ಡಿ 248ರಲ್ಲಿ, ನಿಮ್ಮ ಡನ್‌ಫೆಲ್‌ನಲ್ಲಿ 244, ಸಿಗುದಿಲ್ಲ. ಪರ್ವಾಗಿಲ್ಲ, ಆ ಚೆಕ್ಕು ಕೈಯಲ್ಲೇ ಬರೀಬಹುದು, ದೊಡ್ಡ ಕೋಡಲ್ಲ.

ಆ್ಯಪ್ ಕಟ್ಟುದು ಸ್ಕ್ವಾಶ್‌ಎಫ್‌ಎಸ್ ಇಮೇಜ್ (ಓದ್ಲಿಕ್ಕೆ ಮಾತ್ರ ಆಗುವ ಒಂದೇ ಫೈಲ್) ಆಗಿ, ಡಿಜಿಟಲ್ ಸೈನ್ ಮಾಡಿ, ಡೇಟಾ ಪಾರ್ಟಿಷನ್ನಿನಲ್ಲಿ ಹಳತು ಹೊಸತು ಎರಡೂ ಒಟ್ಟಿಗೆ ಇರ್ಲಿ. ಯಾವುದು ಓಡ್ಬೇಕು ಅಂತ ಹೇಳುದು ಒಂದು ಸಿಮ್‌ಲಿಂಕ್, ಅಂದ್ರೆ ಬೇರೆ ಫೈಲಿಗೆ ಕೈ ತೋರ್ಸುವ ಹೆಸರು. ಈ ಲಿಂಕ್ ಬದಲಿಸುದ್ರಲ್ಲೇ ಸುಮಾರು ಜನ ಎಡವುದು. ಎಲ್‌ಎನ್ ಕಮಾಂಡಿಗೆ ಎಸ್-ಎಫ್ ಹಾಕಿದ್ರೆ ಅದು ಹಳೆ ಲಿಂಕನ್ನು ಮೊದ್ಲು ಅಳಿಸಿ ಕಡೆಗೆ ಹೊಸತು ಮಾಡುವ ಸಾಧ್ಯತೆ ಉಂಟು, ಆ ನಡುವಿನ ಕ್ಷಣದಲ್ಲಿ ಪವರ್ ಹೋದ್ರೆ ಲಿಂಕೇ ಇಲ್ಲ. ಬೇರೆ ಹೆಸರಲ್ಲಿ ಹೊಸ ಲಿಂಕ್ ಮಾಡಿ ರಿನೇಮ್ ಸಿಸ್ಟಮ್ ಕಾಲ್‌ನಿಂದ ಹಳೆಯದ್ರ ಮೇಲೆ ತಂದು ಹಾಕಿ, ಆಗ ಒಂದೋ ಹಳತು ಒಂದೋ ಹೊಸತು, ಮಧ್ಯದ್ದು ಇಲ್ಲ.


ಕೋಡಿಬೆಂಗ್ರೆ_ಕಂಟೇನರ್ · ಮಣಿಪಾಲ

ಡಾಕರ್ ಅಂದ ಕೂಡ್ಲೆ ಮುಖ ಸಿಂಡರಿಸ್ಬೇಡಿ ಮಾರಾಯ್ರೆ. ಆ ಜಿಲಿಬ್‌ಸಿ ರಗಳೆ ಪೂರ್ತಿ ಹೋಗ್ತದಲ್ಲ, ಕಂಟೇನರ್ ಒಳಗೆ ಅದ್ರದ್ದೇ ಜಿಲಿಬ್‌ಸಿ, ಅದ್ರದ್ದೇ ಓಪನ್‌ಎಸ್‌ಎಸ್‌ಎಲ್. ಹಳೆ ಪೆಟ್ಟಿಗೆ ಹೊಸ ಪೆಟ್ಟಿಗೆ ಎಲ್ಲದಕ್ಕೂ ಒಂದೇ ಇಮೇಜ್. ಲೇಯರ್ ಬದಲಾದದ್ದು ಮಾತ್ರ ಇಳೀತದೆ, ಬೇಸ್ ಲೇಯರ್ ಮುಟ್ಟದಿದ್ರೆ ನಿಮ್ಮ 12 ಎಂಬಿ ಮಾತ್ರ. 512 ಎಂಬಿಯಲ್ಲಿ ಡಾಕರ್ ಡೀಮನ್ ಭಾರ ಅನ್ನಿಸಿದ್ರೆ ಪೋಡ್‌ಮ್ಯಾನ್ ಉಂಟು, ಡೀಮನ್ ಇಲ್ಲ ಅದಕ್ಕೆ.


ರೀಪುಹಂಚು · ಸುರತ್ಕಲ್

ಕಂಟೇನರ್ ಬೇಡ ಅಂತ ನಾನು ಹೇಳುದಿಲ್ಲ, ಒಟ್ರಾಶಿ ಒಳ್ಳೆ ದಾರಿಯೇ. ಆದ್ರೆ ಓಎಸ್‌ನಿಂದ ಪೂರ್ತಿ ಬಿಡುಗಡೆ ಅಂತ ನಂಬಿದ್ರೆ ಕಷ್ಟ. 2021ರ ಜನವರಿಯಲ್ಲಿ ಕಂಟೇನರ್‌ಗೆ ತುಂಬ ಬಳಸುವ ಸಣ್ಣ ಲಿನಕ್ಸ್ ಆಲ್ಪೈನ್ 3.13 ಬಂದಾಗ ಆದದ್ದು ನೆನಪುಂಟಾ? ಅದ್ರ ಒಳಗಿನ ಮಸಲ್ ಲಿಬ್‌ಸಿ 2038ರ ಸಮಸ್ಯೆಗಾಗಿ (32 ಬಿಟ್ ಟೈಮಿನ ಲೆಕ್ಕ ಆ ವರ್ಷ ತುಂಬಿ ಹೋಗ್ತದೆ) 32 ಬಿಟ್ ಮೆಷಿನ್ನಿನಲ್ಲೂ 64 ಬಿಟ್ ಟೈಮಿಗೆ ಹೋಯ್ತು, ಅಂದ್ರೆ ಹೊಸ ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್ಲಿಗೆ ಮಾಡುವ ಕರೆ). ಹೊರಗೆ ರಾಸ್ಪಿಯನ್ ಬಸ್ಟರ್‌ನಂಥ ಹಳೆ ಓಎಸ್, ಅದ್ರಲ್ಲಿ ಈ ಕರೆಗಳನ್ನು ಸೋಸುವ ಹಳೆ ಲಿಬ್‌ಸೆಕ್‌ಕಾಂಪ್‌ಗೆ ಈ ಹೊಸ ಕಾಲ್ ಗೊತ್ತೇ ಇಲ್ಲ, ಬಾಗಿಲಲ್ಲೇ ತಡೀತು. ಕಂಟೇನರ್ ಒಳಗೆ ಡೇಟ್ ಕೇಳಿದ್ರೆ ಎಂತೆಂತದೋ ವರ್ಷ, ಹಾಗಾಗಿ ಟಿಎಲ್‌ಎಸ್ ಸುರಕ್ಷಿತ ಕನೆಕ್ಷನ್ ಇಲ್ಲ, ಪ್ಯಾಕೇಜ್ ಇಳಿಯುದಿಲ್ಲ. ಸರಿಮಾಡ್ಲಿಕ್ಕೆ ಹೊರಗಿನ ಓಎಸ್‌ನ ಲೈಬ್ರರಿಯನ್ನೇ ಬದಲಿಸ್ಬೇಕಾಯ್ತು. ಹಾಗೆ ಇಲ್ಲೂ ರೀಪಿನ ಅಳತೆ ಬೇಕೇ ಬೇಕು, ಕರ್ನಲ್ ಮತ್ತು ರನ್‌ಟೈಮ್ ಎರಡರದ್ದೂ.

ಮತ್ತೆ ಲೇಯರ್ ಎಲ್ಲ ಬರಿಯುವಾಗ ಸಣ್ಣ ಸಣ್ಣ ಫೈಲ್ ಸಾವಿರಾರು, ಪವರ್ ಹೋದ್ರೆ ಸ್ಟೋರೇಜ್ ಅರೆಬರೆ ಆಗುದುಂಟು. ಒಂದೇ ಸ್ಕ್ವಾಶ್‌ಎಫ್‌ಎಸ್ ಫೈಲ್ ಅಂದ್ರೆ ಹ್ಯಾಶ್ ಸರಿ ಉಂಟಾ ಇಲ್ವಾ, ಮುಗೀತು. ಒಂದು ಆ್ಯಪ್ ಇರುವ ಪೆಟ್ಟಿಗೆಗೆ ನಾನು ಅದನ್ನೇ ಹಾಕುದು. ಐದಾರು ಟೀಮ್ ಬೇರೆ ಬೇರೆ ಆ್ಯಪ್ ಕೊಡುವುದಾದ್ರೆ ಕಂಟೇನರ್.


ಏಪೆಕ್ಸ್_ಮಾಣಿ · ಉಡುಪಿಯವನೇ, ಈಗ ಬೆಂಗಳೂರು

ನಾನು ಮೊಬೈಲ್ ಕಡೆ ಕೆಲ್ಸ ಮಾಡೋನು, ನಿಮ್ ಪೆಟ್ಟಿಗೆ ಲೋಕ ಗೊತ್ತಿಲ್ಲ, ಆದ್ರೆ ಇದೇ ಜಗಳ ಆಂಡ್ರಾಯ್ಡ್‌ನಲ್ಲಿ ದೊಡ್ಡ ಮಟ್ಟದಲ್ಲಿ ಆಗಿದೆ. 2015ರಲ್ಲಿ ಸ್ಟೇಜ್‌ಫ್ರೈಟ್ ಬಂದಾಗ ಮೀಡಿಯಾ ಲೈಬ್ರರಿಯ ಒಂದು ತೂತು ಮುಚ್ಚೋಕೆ ಪ್ರತಿ ಫೋನ್ ಕಂಪೆನಿ ಇಡೀ ಫರ್ಮ್‌ವೇರ್ ಕಟ್ಟಿ ಕಳಿಸ್ಬೇಕಿತ್ತು, ಎಷ್ಟೋ ಫೋನಿಗೆ ಅದು ಬರ್ಲೇ ಇಲ್ಲ. ಆಮೇಲೆ 2017ರ ಆಂಡ್ರಾಯ್ಡ್ 8ರಲ್ಲಿ ಟ್ರೆಬಲ್ ಅಂತ ಮಾಡಿ ಚಿಪ್‌ನವರ ಡ್ರೈವರ್ ಭಾಗ ಒಂದ್ಕಡೆ, ಆಂಡ್ರಾಯ್ಡ್ ಭಾಗ ಒಂದ್ಕಡೆ, ಮಧ್ಯೆ ಬದಲಾಗ್ಬಾರದ ಇಂಟರ್‌ಫೇಸ್ ಅಂತ ಗೆರೆ ಎಳೆದ್ರು. ಆ ಗೆರೆ ಗಟ್ಟಿಯಾದ್ಮೇಲೇನೇ 2019ರಲ್ಲಿ ಆಂಡ್ರಾಯ್ಡ್ 10ರ ಮೇನ್‌ಲೈನ್ ಬಂದಿದ್ದು, ಮೀಡಿಯಾ ಕೋಡೆಕ್, ಡಿಎನ್‌ಎಸ್ ರಿಸಾಲ್ವರ್, ಟೈಮ್‌ಜೋನ್ ಡೇಟಾ ಇವೆಲ್ಲ ಏಪೆಕ್ಸ್ ಪ್ಯಾಕೇಜ್ ಆಗಿ ಪ್ಲೇ ಸ್ಟೋರ್ ದಾರಿಯಲ್ಲಿ ಬರೋಕೆ ಶುರುವಾಯ್ತು. ಏಪೆಕ್ಸ್ ಬಿಚ್ಚಿ ನೋಡಿದ್ರೆ ಜಿಪ್ ಫೈಲು, ಒಳಗೊಂದು ಫೈಲ್‌ಸಿಸ್ಟಮ್ ಇಮೇಜ್, ಯಾರೂ ತಿದ್ದಿಲ್ಲ ಅಂತ ನೋಡೋ ಡಿಎಂ-ವೆರಿಟಿ ಕಾವಲಿನಲ್ಲಿ ಲೂಪ್ ಮೌಂಟ್ ಆಗತ್ತೆ. ರೀಪುಹಂಚು ಅವ್ರು ಹೇಳಿದ ಸ್ಕ್ವಾಶ್‌ಎಫ್‌ಎಸ್ ಕಥೇನೇ, ದೊಡ್ಡ ಬಜೆಟ್ಟಲ್ಲಿ.

ಇನ್ನೊಂದು ಹೇಳ್ಬೇಕು, ಆಂಡ್ರಾಯ್ಡ್ 14ರಲ್ಲಿ ಸರ್ವರ್ ಅಸಲಿ ಅಂತ ನಂಬೋಕೆ ಬೇಕಾದ ರೂಟ್ ಸರ್ಟಿಫಿಕೇಟ್‌ಗಳನ್ನೂ ಹೀಗೆ ಅಪ್‌ಡೇಟ್ ಆಗೋ ಮಾಡ್ಯೂಲ್‌ಗೆ ತಂದ್ರು. ನಿಮ್ ಪೆಟ್ಟಿಗೇಲಿ ಸಿಎ ಬಂಡಲ್ (ಆ ಸರ್ಟಿಫಿಕೇಟ್‌ಗಳ ಫೈಲು) ಎಲ್ಲಿದೆ ನೋಡ್ಕೊಳಿ. 2021ರ ಸೆಪ್ಟೆಂಬರ್ 30ಕ್ಕೆ ಉಚಿತ ಸರ್ಟಿಫಿಕೇಟ್ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್ ಹಿಂದಿದ್ದ ಹಳೆ ಡಿಎಸ್‌ಟಿ ರೂಟ್ ಅವಧಿ ಮುಗಿದಾಗ ಓಪನ್‌ಎಸ್‌ಎಸ್‌ಎಲ್ 1.0.2 ಇದ್ದ ಎಷ್ಟೋ ಹಳೆ ಡಿವೈಸು ಸರ್ವರ್‌ಗೆ ಕನೆಕ್ಟ್ ಆಗೋದನ್ನೇ ಬಿಟ್ವು. ಕನೆಕ್ಟೇ ಆಗ್ದಿದ್ರೆ ಅಪ್‌ಡೇಟ್ ಕಳಿಸೋದು ಹೇಗೆ? ಕೆಲವು ನೂರು ಕೆಬಿ ಫೈಲಿಗೋಸ್ಕರ ಊರೂರು ಸುತ್ತೋ ಕೆಲಸ.


ಬೂಟ್‌ಲೋಡರ್‌ಭಟ್ರು · ಮೂಡುಬಿದಿರೆ

ಸರ್ಟಿಫಿಕೇಟಿನ ಮಾತು ಬಂತಲ್ಲ, ಬೋರ್ಡಿನ ಆರ್‌ಟಿಸಿ (ಗಡಿಯಾರ) ಬ್ಯಾಟರಿಯೂ ನೋಡಿ. ಅದು ಸತ್ರೆ ಬೂಟ್ ಆದಾಗ ತಾರೀಕು 1970, ಎಲ್ಲ ಸರ್ಟಿಫಿಕೇಟೂ "ಇನ್ನೂ ಹುಟ್ಟಿಲ್ಲ" ಅನ್ನುದು. ಎನ್‌ಟಿಪಿಯಿಂದ ಸರಿ ಸಮಯ ಸಿಕ್ಕಿದ ಮೇಲೆಯೇ ಅಪ್‌ಡೇಟರ್ ಶುರುವಾಗ್ಲಿ.

ಮುಟ್ಟಬಾರದ್ದು ಯಾವುದು ಅಂತ ಕೇಳಿದ್ರಿ. ಕರ್ನಲ್ ಮಾಡ್ಯೂಲ್ ಬೇರೆ ಕಳಿಸ್ಲಿಕ್ಕೆ ಹೋಗ್ಬೇಡಿ, ಕರ್ನಲ್ ವರ್ಷನ್ನಿನ ಗುರುತು ವರ್‌ಮ್ಯಾಜಿಕ್ ತಾಳೆ ಆಗುದಿಲ್ಲ, ಬೋರ್ಡಿನ ಹಾರ್ಡ್‌ವೇರ್ ಪಟ್ಟಿಯಾದ ಡಿವೈಸ್ ಟ್ರೀಯೂ ಹಾಗೆಯೇ, ಕರ್ನಲ್ ಹೋದ ದಾರಿಯಲ್ಲೇ ಅದೂ ಹೋಗ್ಬೇಕು. ಬೂಟ್‌ಲೋಡರ್ ಅಂತೂ ದೇವ್ರಾಣೆ ಬೇಡ, ಅದಕ್ಕೆ ಎ-ಬಿ ಇಲ್ಲದ ಬೋರ್ಡಿನಲ್ಲಿ ಬರಿಯುವಾಗ ಕರೆಂಟು ಹೋದ್ರೆ ಪೆಟ್ಟಿಗೆ ಇಟ್ಟಿಗೆ. ಅಪ್‌ಡೇಟ್ ಮಾಡುವ ಪ್ರೋಗ್ರಾಂ ಆ್ಯಪ್ ಬಂಡಲ್ಲಿನ ಒಳಗೆ ಇರ್ಬಾರ್ದು, ಅದು ಓಎಸ್ ಜೊತೆ ಇರ್ಲಿ. ಇಲ್ಲದಿದ್ರೆ ಒಂದು ಕೆಟ್ಟ ಆ್ಯಪ್ ಹೋದ್ರೆ ಅದನ್ನು ತೆಗೆಯುವವನೂ ಅದ್ರ ಜೊತೆಗೇ ಹೋದ.

ಬೋರ್ಡಿನ ಮೇಲೆ ಬೇರೆ ಮೈಕ್ರೋಕಂಟ್ರೋಲರ್ ಉಂಟಾ? ಇದ್ರೆ ಅದಕ್ಕೆ ಎಂಸಿಯುಬೂಟ್ ಅನ್ನುವ ಬೂಟ್‌ಲೋಡರ್ ಹಾಕಿ, ಹೊಸ ಇಮೇಜ್ ಎದ್ದು ತಾನು ಸರಿ ಇದ್ದೇನೆ ಅಂತ ಗುರುತು ಹಾಕದಿದ್ರೆ ಮುಂದಿನ ರೀಸೆಟ್‌ಗೆ ಹಳತಕ್ಕೆ ವಾಪಸ್ ಹೋಗ್ತದೆ.


ಉಪ್ಪುನೀರು_485 · ಉಡುಪಿ

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರ್ತದೆ ಅಂತ ಎಣಿಸಿರ್ಲಿಲ್ಲ. ಮೈಕ್ರೋಕಂಟ್ರೋಲರ್ ಇಲ್ಲ ಭಟ್ರೆ, ನೇರ ಯುಆರ್ಟ್‌ಗೆ 485 ಚಿಪ್ಪು.

ಇನ್ನು ಮೂರು ಡೌಟು. ರಾಕ್‌ನಲ್ಲೇ ಆ್ಯಪಿಗೆ ಬೇರೆ ಸ್ಲಾಟ್ ಮಾಡ್ಲಿಕ್ಕೆ ಆಗ್ತದಲ್ಲ, ರೂಟ್‌ಎಫ್‌ಎಸ್ಸನ್ನು ಅದ್ರ ಪೇರೆಂಟ್ ಅಂತ ಕಟ್ಟಿ, ಅದು ಸಾಕಾಗುದಿಲ್ವಾ? ಹೊಸ ಆ್ಯಪ್ ಸರಿ ಉಂಟು ಅಂತ ಪೆಟ್ಟಿಗೆಗೆ ಗೊತ್ತಾಗುದು ಹೇಗೆ, ಸರ್ವಿಸ್ ಓಡ್ತಾ ಇದ್ರೆ ಸಾಕಾ? ಮತ್ತೆ ನಮ್ಮ ರೀಡಿಂಗ್ ಎಲ್ಲ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ, ಸಿಗ್ನಲ್ ಇಲ್ಲದಾಗ ಅದ್ರಲ್ಲೇ ಕೂತಿರ್ತದೆ, ಹೊಸ ಆ್ಯಪ್ ಟೇಬಲ್ ಬದಲಿಸಿ ಕಡೆಗೆ ರೋಲ್‌ಬ್ಯಾಕ್ ಆದ್ರೆ ಹಳೆ ಆ್ಯಪ್ ಅದನ್ನು ಓದ್ತದಾ?


ರೀಪುಹಂಚು · ಸುರತ್ಕಲ್

ಪೇರೆಂಟ್ ಕಟ್ಟಿದ್ರೆ ಆ್ಯಪ್ ಸ್ಲಾಟು ಆ ರೂಟ್‌ಎಫ್‌ಎಸ್ ಜೊತೆ ಜೋಡಿ ಆಗ್ತದೆ, ಬೂಟ್ ಆಗುದೂ ಜೋಡಿಯಾಗಿಯೇ. ನೀವು ಈಗ ಎ ಕಡೆ ಇದ್ದೀರಿ ಅಂತ ಇಟ್ಕೊಳ್ಳಿ, ಬರೀ ಆ್ಯಪ್ ಇರುವ ಬಂಡಲ್ ಕಳಿಸಿದ್ರೆ ಅದು ಬಿ ಕಡೆಯ ಸ್ಲಾಟಿಗೆ ಬೀಳ್ತದೆ, ರೀಬೂಟ್ ಆದಾಗ ಬಿ ಕಡೆಯ ಓಎಸ್ ಏಳ್ತದೆ, ಅದು ಹಿಂದಿನ ಸಲ ಅಪ್‌ಡೇಟ್ ಆಗದೆ ಉಳಿದ ಹಳೆ ಓಎಸ್ ಆಗಿರ್ಬಹುದು. ಆ್ಯಪ್ ಹೊಸತು ಮಾಡ್ಲಿಕ್ಕೆ ಹೋಗಿ ಓಎಸ್ ಹಿಂದೆ ಹೋಯ್ತು. ನಿಮ್ಗೆ ಬೇಕಾದ್ದು ಓಎಸ್ ಯಾವ ಕಡೆ ಇದ್ರೂ ಆ್ಯಪ್ ತನ್ನ ಲೆಕ್ಕಕ್ಕೆ ತಾನು ಬದಲಾಗುದು, ಹಾಗಾಗಿ ಪೇರೆಂಟ್ ಬೇಡ, ಡೇಟಾ ಪಾರ್ಟಿಷನ್ನಿನಲ್ಲಿ ಫೈಲ್ ಆಗಿಯೇ ಇರ್ಲಿ. ರೀಬೂಟೂ ಬೇಡ, ಸರ್ವಿಸ್ ರೀಸ್ಟಾರ್ಟ್ ಸಾಕು.

ಎರಡನೇದು ಒಳ್ಳೆ ಪ್ರಶ್ನೆ. ಸರ್ವಿಸ್ ಓಡ್ತಾ ಉಂಟು ಅನ್ನುದು ಎಂತಕ್ಕೂ ಸಾಕಾಗುದಿಲ್ಲ, ಪ್ರಾಸೆಸ್ ಜೀವಂತ ಇದ್ದು ಒಳಗೆ ಮೋಡ್‌ಬಸ್ ಟೈಮ್‌ಔಟ್ ಮೇಲೆ ಟೈಮ್‌ಔಟ್ ಹೊಡೀತಾ ಇರ್ಬಹುದು. ಒಂದು ನಿಜವಾದ ರೀಡಿಂಗ್ ಬಂತಾ ಅಂತ ನೋಡ್ಬೇಕು. ಸರಿ, ಸರ್ವರ್‌ಗೆ ಹೋಯ್ತಾ ಅಂತಲೂ ನೋಡುವ ಅಂತ ನೀವು ಹೇಳ್ತೀರಿ, ಅಲ್ಲಿ ಉಪದ್ರ ಶುರು. ಆ ಹೊತ್ತಿಗೆ ಟವರ್ ಬಿದ್ದಿದ್ರೆ ಒಳ್ಳೆ ಆ್ಯಪನ್ನೂ ಪೆಟ್ಟಿಗೆ ಕೆಟ್ಟದ್ದು ಅಂತ ತೆಗೆದು ಬಿಸಾಡ್ತದೆ, ಮತ್ತೆ ಇಳಿಸ್ತದೆ, ಮತ್ತೆ ಬಿಸಾಡ್ತದೆ, ಡೇಟಾ ಪ್ಯಾಕ್ ಅಲ್ಲಿಗೆ ಲಗಾಡಿ. ಹಾಗಂತ ಸರ್ವರ್ ಚೆಕ್ ಬಿಟ್ರೆ, ಸರ್ವರ್‌ಗೆ ಮಾತಾಡ್ಲಿಕ್ಕೇ ಬಾರದ ಆ್ಯಪ್ ಅಲ್ಲೇ ಕೂತು ಬಿಡ್ತದೆ. ಇದಕ್ಕೆ ನಾನು ಮಾಡುದು ಹೀಗೆ. ಭಟ್ರು ಹೇಳಿದ ಹಾಗೆ ಅಪ್‌ಡೇಟರ್ ಬೇರೆ ಪ್ರೋಗ್ರಾಂ ಅಲ್ವಾ, ಅದಕ್ಕೆ ಅದ್ರದ್ದೇ ಕನೆಕ್ಷನ್ ಉಂಟು. ಅಪ್‌ಡೇಟರ್ ಸರ್ವರ್‌ಗೆ ತಲುಪಿದೆ, ಆ್ಯಪ್ ತಲುಪ್ಲಿಲ್ಲ ಅಂದ್ರೆ ತಪ್ಪು ಆ್ಯಪ್‌ದ್ದು, ರೋಲ್‌ಬ್ಯಾಕ್. ಇಬ್ರೂ ತಲುಪ್ಲಿಲ್ಲ ಅಂದ್ರೆ ಸಿಗ್ನಲ್ಲಿನ ದೋಷ, ಸುಮ್ನೆ ಕಾಯುದು, ತೀರ್ಪು ಕೊಡುದೇ ಬೇಡ. ಮೋಡ್‌ಬಸ್‌ಗೂ ಅದೇ ಲೆಕ್ಕ, ಹಳೆ ಆ್ಯಪಿಗೆ ಕಡೆ ಗಳಿಗೆವರೆಗೆ ರೀಡಿಂಗ್ ಬರ್ತಾ ಇತ್ತಾ ಅಂತ ಬರ್ದಿಟ್ಟು ಕಡೆಗೆ ಹೊಸತನ್ನು ಜಡ್ಜ್ ಮಾಡಿ. ಪ್ಲಾಂಟಿನವ್ರು ಕಂಪ್ರೆಸರ್ ಪ್ಯಾನೆಲ್ ಆಫ್ ಮಾಡಿ ಊಟಕ್ಕೆ ಹೋಗಿದ್ರೆ ಆ್ಯಪ್ ಎಂತ ಮಾಡ್ಬೇಕು ಪಾಪ.

ಒಂದು ಸಲ ಬಿಸಾಡಿದ ವರ್ಷನ್ನಿನ ಹೆಸರು ಬರ್ದಿಡ್ಲಿ ಪೆಟ್ಟಿಗೆ, ಅದನ್ನೇ ಪುನಃ ಇಳಿಸ್ಲಿಕ್ಕೆ ಹೋಗ್ಬಾರ್ದು.

ಎಸ್‌ಕ್ಯೂಲೈಟ್: ಯೂಸರ್ ವರ್ಷನ್ ಅಂತ ಒಂದು ಪ್ರಾಗ್ಮಾ ಉಂಟು, ಸ್ಕೀಮಾ (ಟೇಬಲ್ ರಚನೆ) ನಂಬರ್ ಅದ್ರಲ್ಲಿ ಇಡಿ. ಹೊಸ ಕಾಲಮ್ ಸೇರಿಸುದಾದ್ರೆ ಡೀಫಾಲ್ಟ್ ಬೆಲೆ ಕೊಟ್ಟು ಸೇರಿಸಿ, ಹಳೆ ಆ್ಯಪಿಗೆ ಅದು ಕಾಣುದೂ ಇಲ್ಲ, ತೊಂದ್ರೆಯೂ ಇಲ್ಲ, ಕೋಡಲ್ಲಿ ಸೆಲೆಕ್ಟ್ ಸ್ಟಾರ್ ಹಾಕಿ ಕಾಲಮ್ ಎಣಿಸದಿದ್ರೆ. ಹಳೆ ಕಾಲಮ್ ತೆಗೆಯುದು, ಹೆಸರು ಬದಲಿಸುದು ಇದೆಲ್ಲ ಅದೇ ರಿಲೀಸಲ್ಲಿ ಬೇಡ, ಹೊಸ ಆ್ಯಪ್ ಎಲ್ಲ ಕಡೆ ಗಟ್ಟಿಯಾಗಿ ಕೂತ ಮೇಲೆ ಅದ್ರ ಮುಂದಿನದ್ರಲ್ಲಿ.

ಇನ್ನೊಂದು, ನೀವು ಕೇಳ್ಲಿಲ್ಲ ಆದ್ರೂ ಹೇಳ್ತೇನೆ. ಆ್ಯಪ್ ಬೇರೆ ಮಾಡಿ ಆಯ್ತು ಅಂತ ಓಎಸ್ ಅಪ್‌ಡೇಟ್ ಮರ್ತು ಕೂರುವವ್ರೇ ಜಾಸ್ತಿ. ಡನ್‌ಫೆಲ್‌ನ ಸಪೋರ್ಟ್ 2024ರ ಏಪ್ರಿಲಿಗೆ ಮುಗಿದಿದೆ, ಓಪನ್‌ಎಸ್‌ಎಸ್‌ಎಲ್ 1.1.1ದ್ದು ಅದಕ್ಕೂ ಮೊದ್ಲು, 2023ರ ಸೆಪ್ಟೆಂಬರಿಗೆ. ಸ್ಕಾರ್ತ್‌ಗ್ಯಾಪ್ 2028ರ ಏಪ್ರಿಲ್‌ವರೆಗೆ ಉಂಟು. ಮೂರು ಓಎಸ್ ವರ್ಷನ್, ಐದು ಆ್ಯಪ್ ವರ್ಷನ್ ಫೀಲ್ಡಲ್ಲಿ ಇದ್ರೆ ಹದಿನೈದು ಜೋಡಿ ಟೆಸ್ಟ್ ಮಾಡ್ಬೇಕು, ಯಾರು ಮಾಡ್ತಾರೆ? ಹಳೆ ಪೆಟ್ಟಿಗೆಗಳನ್ನೆಲ್ಲ ಒಂದು ಸಲ ಸ್ಕಾರ್ತ್‌ಗ್ಯಾಪ್‌ಗೆ ತನ್ನಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟಿಗೆ ರಜೆ ಅಲ್ವಾ, ಮಲ್ಪೆಯಲ್ಲಿ ಬೋಟೆಲ್ಲ ದಡದಲ್ಲಿ, ಐಸಿಗೆ ಡಿಮಾಂಡ್ ಇಲ್ಲ. ಓಎಸ್ ಇಮೇಜ್ ಆಗ ಕಳಿಸಿ, ಸೀಸನ್ನಿನಲ್ಲಿ ಆ್ಯಪ್ ಮಾತ್ರ.


ಬೂಟ್‌ಲೋಡರ್‌ಭಟ್ರು · ಮೂಡುಬಿದಿರೆ

ಜೂನ್-ಜುಲೈಯಲ್ಲಾ? ಕರೆಂಟು ಇರುದು ಯಾವಾಗ ಆಗ? ಮರ ಬಿದ್ದು ಲೈನ್ ಹೋದ್ರೆ ಮರುದಿನವೇ. ಪ್ಲಾಂಟು ಓಡದಿದ್ರೆ ಜನರೇಟರೂ ಹಾಕುದಿಲ್ಲ ಅವ್ರು, ಪೆಟ್ಟಿಗೆ ಸುಮ್ನೆ ಸತ್ತು ಬಿದ್ದಿರ್ತದೆ. ಮೇ ತಿಂಗಳ ಕೊನೆ ವಾರ, ಬೋಟು ದಡಕ್ಕೆ ಬರ್ಲಿಕ್ಕೆ ಶುರುವಾಗುವಾಗ, ಅದೇ ಸರಿಯಾದ ಸಮಯ. ಆಗುದಿಲ್ಲ ಅಂದ್ರೆ ಜುಲೈ ಕಡೇ ದಿನಗಳಲ್ಲಿ ಪ್ಲಾಂಟ್ ಪುನಃ ಚಾಲೂ ಮಾಡ್ಲಿಕ್ಕೆ ಮೆಕ್ಯಾನಿಕ್ ಬರುವಾಗ.


ರೀಪುಹಂಚು · ಸುರತ್ಕಲ್

ಅದೂ ಸರಿಯೇ. ನಾನು ಬೇಡಿಕೆ ಇಲ್ಲದ್ದು ಮಾತ್ರ ಲೆಕ್ಕ ಹಾಕಿದ್ದು. ಎ-ಬಿ ಇರುವ ಕಾರಣ ಕರೆಂಟು ಹೋದ್ರೆ ಪೆಟ್ಟಿಗೆಗೆ ಎಂತ ಆಗುದಿಲ್ಲ, ಇಳಿಯುದು ಮುಂದೆ ಹೋಗ್ತದೆ ಅಷ್ಟೆ. ಬೂಟ್‌ಲೋಡರ್ ಯು-ಬೂಟ್‌ನಲ್ಲಿ ಬೂಟ್‌ಕೌಂಟ್ ಲಿಮಿಟ್ (ಎಷ್ಟು ಸಲ ಬೂಟ್ ಸೋತ್ರೆ ಹಿಂದಿನದಕ್ಕೆ ಹೋಗುದು ಅಂತ) ಮಾತ್ರ ಚೂರು ಜಾಸ್ತಿ ಇಡಿ. ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡಿದ್ರೆ ಬೂಟ್ ಮುಗಿಯುವ ಮೊದ್ಲೇ ಲೆಕ್ಕ ಏರಿ, ಒಳ್ಳೆ ಓಎಸ್ಸನ್ನೂ ಕೆಟ್ಟದ್ದು ಅಂತ ಹಿಂದೆ ತಳ್ತದೆ.


ಜರ್ಮನಿಗೆ_ಪಾರ್ಸೆಲ್ · ಬೈಕಂಪಾಡಿ

ಚೂರು ಅಡ್ಡ ಮಾತು. ನಾವು ಪ್ಯಾಕಿಂಗ್ ಮೆಷಿನ್ನಿನ ಕಂಟ್ರೋಲರ್ ಯುರೋಪಿಗೆ ಕಳಿಸ್ತೇವೆ. ಅಲ್ಲಿಯ ಸೈಬರ್ ರೆಸಿಲಿಯನ್ಸ್ ಕಾಯ್ದೆ 2024ರ ಡಿಸೆಂಬರ್ 10ಕ್ಕೆ ಜಾರಿಗೆ ಬಂದಿದೆ, ಮುಖ್ಯ ಷರತ್ತುಗಳು 2027ರ ಡಿಸೆಂಬರ್ 11ರಿಂದ. ಅದ್ರಲ್ಲಿ ಒಂದು ಷರತ್ತು ಹೀಗುಂಟು, ತಾಂತ್ರಿಕವಾಗಿ ಸಾಧ್ಯ ಇರುವಲ್ಲಿ ಸೆಕ್ಯೂರಿಟಿ ಅಪ್‌ಡೇಟನ್ನು ಹೊಸ ಫೀಚರಿನ ಅಪ್‌ಡೇಟ್‌ನಿಂದ ಬೇರೆ ಮಾಡಿ ಕೊಡ್ಬೇಕು ಅಂತ. ಈ ಆ್ಯಪ್-ಓಎಸ್ ಗೆರೆ ಎಳೆಯುವಾಗಲೇ ಇದನ್ನೂ ಮನಸ್ಸಲ್ಲಿಟ್ರೆ ನಾಳೆ ಹೊರಗೆ ಮಾರ್ಲಿಕ್ಕೆ ಹೊರಟಾಗ ಮಂಡೆಬಿಸಿ ಕಮ್ಮಿ. ನಮ್ಮಲ್ಲಿ ಈಗ ಒಂದು ಪ್ಯಾಚ್ ಬೇಕು ಅಂದ್ರೆ ಹೊಸ ಸ್ಕ್ರೀನೂ ಬರ್ತದೆ, ಗಿರಾಕಿ ಆಪರೇಟರಿಗೆ ಪುನಃ ಟ್ರೇನಿಂಗ್ ಕೊಡ್ಬೇಕು ಅಂತ ಅಪ್‌ಡೇಟೇ ಹಾಕ್ಕೊಳ್ಳುದಿಲ್ಲ.


ಉಪ್ಪುನೀರು_485 · ಉಡುಪಿ

ಸರಿ, ನಾವು ಹೀಗೆ ಮಾಡುವ ಅಂತ ಆಯ್ತು. ಓಪಿಕೆಜಿ ಇಲ್ಲ. ಹಳೆ ಪೆಟ್ಟಿಗೆ ಎಲ್ಲ ಮೇ ಕೊನೆಗೆ ಸ್ಕಾರ್ತ್‌ಗ್ಯಾಪ್‌ಗೆ, ಅಲ್ಲಿಯವರೆಗೆ ಆ್ಯಪನ್ನು ಡನ್‌ಫೆಲ್ ಎಸ್‌ಡಿಕೆಯಲ್ಲೇ ಕಟ್ಟಿ, ಓಪನ್‌ಎಸ್‌ಎಸ್‌ಎಲ್ ಒಳಗೇ ಇಟ್ಟು ಎರಡೂ ಕಡೆ ಓಡಿಸುದು. ಸಿಎ ಬಂಡಲ್ ಬೇರೆ ಒಂದು ಸಣ್ಣ ಪ್ಯಾಕೆಟ್. ಕಂಪ್ರೆಸರ್ ರಿಜಿಸ್ಟರ್ ಮ್ಯಾಪನ್ನೂ ಕೋಡಿನಿಂದ ತೆಗೆದು ಫೈಲ್ ಮಾಡುವ ಅಂತ ನಮ್ಮ ಹುಡುಗಿ ಒಬ್ಳು ಹೇಳಿದ್ಳು. ನೋಡಿದ್ರೆ ಹೌದು, ನಮ್ಮ ಅರ್ಧಕ್ಕರ್ಧ ರಿಲೀಸು ಅದಕ್ಕೇ ಇದ್ದದ್ದು, ಕೆಲವೇ ಕೆಬಿ. ಅದಕ್ಕೂ ಸೈನ್ ಬೇಕಾ?


ರೀಪುಹಂಚು · ಸುರತ್ಕಲ್

ಆ ಹುಡುಗಿಗೆ ಒಂದು ಐಸ್‌ಕ್ರೀಂ ಕೊಡ್ಸಿ, ನಾವೆಲ್ಲ ಇಷ್ಟುದ್ದ ಬರ್ದದ್ರಲ್ಲಿ ಅದೇ ಬಿಟ್ಟು ಹೋಗಿತ್ತು.

ಸೈನ್ ಖಂಡಿತ ಬೇಕು. ತಪ್ಪು ರಿಜಿಸ್ಟರಿಗೆ ಒಂದು ರೈಟ್ ಹೋದ್ರೆ ಅಲ್ಲಿರುದು ಅಮೋನಿಯಾ ಕಂಪ್ರೆಸರ್. ಮ್ಯಾಪ್ ಫೈಲಿನಲ್ಲಿ ಓದುವ ವಿಳಾಸ ಮಾತ್ರ ಇರ್ಲಿ, ಬರಿಯುವ ವಿಳಾಸ ಎಂತಾದ್ರು ಇದ್ರೆ ಅದು ಕೋಡಿನಲ್ಲೇ ಗಟ್ಟಿಯಾಗಿ ಇರ್ಲಿ. ಕೀ ಬೇರೆ ಬೇರೆ ಇಡಿ, ಮ್ಯಾಪಿಗೆ ಸೈನ್ ಮಾಡುವ ಕೀಯಿಂದ ಓಎಸ್‌ಗೆ ಸೈನ್ ಮಾಡ್ಲಿಕ್ಕೆ ಆಗ್ಬಾರ್ದು. ಪಬ್ಲಿಕ್ ಕೀಗಳೆಲ್ಲ ರೀಡ್-ಓನ್ಲಿ ರೂಟ್‌ಎಫ್‌ಎಸ್‌ನಲ್ಲಿ, ಡೇಟಾ ಪಾರ್ಟಿಷನ್ನಿನಲ್ಲಿ ಅಲ್ಲ. ಮತ್ತೆ ಆ ಸಿಮ್‌ಲಿಂಕ್ ರಿನೇಮ್ ಆದ ಮೇಲೆ ಡೈರೆಕ್ಟರಿಗೂ ಎಫ್‌ಸಿಂಕ್ (ಸ್ಟೋರೇಜಿಗೆ ನಿಜವಾಗಿ ಬರೆಸುದು) ಕೊಡಿ, ಫೈಲಿಗೆ ಮಾತ್ರ ಕೊಟ್ರೆ ಸಾಕಾಗುದಿಲ್ಲ.